ಶತಾಯುಷಿ ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ಹಳೆಯ ಮೈಸೂರು ಸೀಮೆಯಲ್ಲಿ ಊರಿಗೊಂದು ಗರಡಿಮನೆಯಿದ್ದ ಕಾಲವೊಂದಿತ್ತು. ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ನಿಲ್ಲಿಸಿದ ಗದೆಗಳು, ಗೋಡೆಯ ಗೂಡಿನಲ್ಲಿ ಹನುಮಂತನ ಪಟ, ಮಬ್ಬುಗತ್ತಲಲ್ಲೇ ಎದ್ದು ಬಂದು ದಂಡ ಬಸ್ಕಿಗಳನ್ನು ಹೊಡೆಯುವ ತರುಣರು, ಇವೆಲ್ಲ ಅಂದಿನ ಜನಜೀವನದ ಅಂಗಗಳೇ ಆಗಿದ್ದುವು. ದಸರೆಯಲ್ಲಿ ಜಟ್ಟಿಗಳು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಿದ್ದರು. ಆದರೆ ಗರಡಿಯ ಸಾಧನೆ ಮುಖ್ಯವಾಗಿ ತಾರುಣ್ಯದ ಸಾಧನೆ. ನಲವತ್ತು ದಾಟಿದ ಮೇಲೆ ಮಟ್ಟಿಯನ್ನು ಬಿಟ್ಟ ಪೈಲ್ವಾನನ ಮೈ ಬೊಜ್ಜಿಗೂ ಕೀಲುನೋವಿಗೂ ಈಡಾಗುವುದನ್ನು ಜನ ಕಂಡೇ ಇದ್ದರು. ಎಂಟು ವರ್ಷದ ಬಾಲಕನಿಗೂ ಎಂಬತ್ತರ ವೃದ್ಧನಿಗೂ, ಬಸುರಿಗೂ ಬಾಣಂತಿಗೂ, ರೋಗಿಗೂ ಆರೋಗ್ಯವಂತನಿಗೂ ಹೊಂದುವಂತಹ, ಒಂದೇ ಮೂಲದಿಂದ ಹೊರಟು ಆಯಾ ದೇಹಕ್ಕೆ ತಕ್ಕಂತೆ ಬದಲಾಗುವಂತಹ ಅಂಗಸಾಧನೆಯೊಂದು ಉಂಟೇ? ಈ ಪ್ರಶ್ನೆಗೆ ತಮ್ಮ ನೂರು ವರ್ಷಗಳ ಬದುಕನ್ನೇ ಉತ್ತರವಾಗಿ ಸವೆಸಿದವರು ಚಿತ್ರದುರ್ಗ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು.

ಕೃಷ್ಣಮಾಚಾರ್ಯರು 1888ನೆಯ ನವೆಂಬರ್ 18ರಂದು ಮುಚುಕುಂದಪುರವೆಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಾಪಕರು, ತಾಯಿ ರಂಗನಾಯಕಮ್ಮ. ಆರು ಮಂದಿ ಮಕ್ಕಳಲ್ಲಿ ಇವರೇ ಹಿರಿಯರು. ಐದನೆಯ ವಯಸ್ಸಿನಲ್ಲಿ ಉಪನಯನವಾದ ಬಾಲಕನನ್ನು ತಂದೆಯವರು ನಸುಕಿಗೂ ಮುನ್ನ ಎಬ್ಬಿಸಿ ವೇದಪಾಠವನ್ನೂ ಕೆಲವು ಆಸನಗಳನ್ನೂ ಪ್ರಾಣಾಯಾಮದ ಮೊದಲ ಪಾಠವನ್ನೂ ಹೇಳಿಕೊಟ್ಟರು. ಆ ನಸುಕಿನ ಅಭ್ಯಾಸ ಕೊನೆಯವರೆಗೂ ತಪ್ಪಲಿಲ್ಲ. ಬಾಲಕನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಮೈಸೂರಿನ ಪರಕಾಲ ಮಠದ ಪೀಠದಲ್ಲಿ ಆಗ ಮನೆತನದ ಹಿರಿಯರೇ ಇದ್ದುದರಿಂದ ಕುಟುಂಬ ಮೈಸೂರಿಗೆ ಬಂದಿತು. ಮಠದಲ್ಲಿ ಶಾಸ್ತ್ರಪಾಠ, ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳ ವ್ಯಾಸಂಗ, ಹೀಗೆ ವಿದ್ಯಾಭ್ಯಾಸ ಸಾಗಿತು. ತಂದೆಯಿಲ್ಲದ ಹುಡುಗನನ್ನು ಒಂದು ಮಠ ಸಾಕಿ ಓದಿಸಿತೆಂಬ ಸಂಗತಿ ಮಠಗಳ ನೆರಳಿನಲ್ಲಿ ಓದುವ ಮಕ್ಕಳಿಗೆ ಹೊಸದೆನಿಸಲಾರದು.

ಹದಿನೆಂಟನೆಯ ವಯಸ್ಸಿನಲ್ಲಿ, ಅಂದರೆ 1906ರಲ್ಲಿ, ತರುಣ ಕೃಷ್ಣಮಾಚಾರ್ಯರು ಕಾಶಿಗೆ ತೆರಳಿದರು. ಅಲ್ಲಿ ವ್ಯಾಕರಣ ಕಲಿತು ಮೈಸೂರಿಗೆ ಮರಳಿ, ಮತ್ತೆ 1914ರಲ್ಲಿ ಕಾಶಿಯನ್ನು ಸೇರಿದರು. ಕೈಯಲ್ಲಿ ಹಣವಿಲ್ಲ, ಮನೆಯಿಂದ ನೆರವಿಲ್ಲ. ಬ್ರಹ್ಮಚಾರಿಗೆ ಶಾಸ್ತ್ರ ವಿಧಿಸಿದ ಭಿಕ್ಷಾಟನೆಯ ನಿಯಮದಂತೆ ದಿನಕ್ಕೆ ಏಳು ಮನೆಗಳ ಬಾಗಿಲಲ್ಲಿ ನಿಂತು, ದೊರೆತ ಹಿಟ್ಟನ್ನು ನೀರಿನಲ್ಲಿ ಕಲಸಿ ರೊಟ್ಟಿ ಸುಟ್ಟು ತಿಂದು ದಿನ ಕಳೆದರು. ಪ್ರಸಿದ್ಧ ವಿದ್ವಾಂಸರಾದ ಗಂಗಾನಾಥ ಝಾ ಅವರ ಪರಿಚಯವಾದದ್ದು ಇಲ್ಲಿಯೇ. ಷಡ್ದರ್ಶನಗಳನ್ನು ಒಂದೊಂದಾಗಿ ಅಭ್ಯಾಸ ಮಾಡಿ ಪದವಿಗಳನ್ನು ಪಡೆದರೂ ಯೋಗವನ್ನು ಗ್ರಂಥದಿಂದಷ್ಟೇ ಅರಿತರೆ ಸಾಲದು, ಅದನ್ನು ದೇಹದಲ್ಲಿ ನಡೆಸಿ ತೋರಿಸುವ ಗುರು ಬೇಕು ಎಂಬ ಹಂಬಲ ಅವರನ್ನು ಹಿಮಾಲಯದ ಕಡೆಗೆ ಎಳೆಯಿತು.

ಮಾನಸ ಸರೋವರದ ಪ್ರಾಂತದಲ್ಲಿ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳು ತಮಗೆ ದೊರೆತರೆಂದೂ, ಪತ್ನೀಪುತ್ರರೊಡನೆ ಗುಹೆಯಲ್ಲಿ ವಾಸಿಸುತ್ತಿದ್ದ ಆ ಗೃಹಸ್ಥಯೋಗಿಗಳ ಬಳಿ ಏಳೂವರೆ ವರ್ಷ ಕಲಿತೆನೆಂದೂ ಕೃಷ್ಣಮಾಚಾರ್ಯರೇ ಮುಂದೆ ಶಿಷ್ಯರಿಗೆ ಹೇಳುತ್ತಿದ್ದರು. ಜೀವನಚರಿತ್ರೆ ಬರೆದವರೆಲ್ಲ ಈ ವೃತ್ತಾಂತವನ್ನು ಅವರ ಮಾತಿನ ಮೇಲೆಯೇ ಕೊಟ್ಟಿದ್ದಾರೆ; ವರ್ಷಗಳ ಲೆಕ್ಕ ಎಲ್ಲೆಡೆಯೂ ಸರಿಯಾಗಿ ಕೂಡಿಬರುವುದಿಲ್ಲ. ಅದೇನೇ ಇರಲಿ, ವಿದ್ಯೆ ಮುಗಿದಾಗ ಗುರುಗಳು ಬೇಡಿದ ದಕ್ಷಿಣೆಯೇ ಅವರ ಮುಂದಿನ ಬದುಕಿಗೆ ದಾರಿಯಾಯಿತು. ಊರಿಗೆ ಹಿಂದಿರುಗಬೇಕು, ವಿವಾಹವಾಗಬೇಕು, ಮಕ್ಕಳೊಂದಿಗನಾಗಿ ಸಂಸಾರದಲ್ಲಿದ್ದುಕೊಂಡೇ ಯೋಗವನ್ನು ಜನರಿಗೆ ಕಲಿಸಬೇಕು ಎಂಬುದೇ ಆ ದಕ್ಷಿಣೆ. ಪರಕಾಲ ಮಠದ ಪೀಠವನ್ನು ಏರುವಂತೆ ಮುಂದೆ ಒಂದಕ್ಕಿಂತ ಹೆಚ್ಚು ಬಾರಿ ಕರೆ ಬಂದಾಗಲೂ ಅವರು ಒಪ್ಪಲಿಲ್ಲ. ಸಂನ್ಯಾಸ ಸ್ವೀಕರಿಸಿದರೆ ಗುರುವಿಗೆ ಕೊಟ್ಟ ಮಾತು ಮುರಿದಂತಾಗುತ್ತದೆಂಬುದೇ ಅವರ ಕಾರಣ. ಪೀಠದ ಗೌರವವನ್ನು ಬಲ್ಲವರಿಗೆ ಈ ನಿರಾಕರಣೆಯ ತೂಕವೂ ತಿಳಿದೀತು.

1925ರಲ್ಲಿ ನಾಮಗಿರಿಯಮ್ಮನವರೊಡನೆ ವಿವಾಹವಾಯಿತು. ವಧುವಿನ್ನೂ ಎಳೆಯ ವಯಸ್ಸಿನವಳು. ಅದು ಆ ಕಾಲದ ವಾಡಿಕೆ. ಸಂಸಾರದ ಮೊದಲ ವರ್ಷಗಳು ಕಡುಬಡತನದಲ್ಲಿ ಕಳೆದುವು. ಯೋಗ ಕಲಿಸುತ್ತೇನೆಂದವರಿಗೆ ಅಂದು ಸಂಬಳ ಕೊಡುವವರಾರು? ಯೋಗವೆಂದರೆ ಕಾವಿಯುಟ್ಟು ಕಾಡಿಗೆ ಹೋದವರ ವಿದ್ಯೆ, ಇಲ್ಲವೆ ಬೀದಿಯಲ್ಲಿ ಮುಳ್ಳಿನ ಮೇಲೆ ಮಲಗಿ ಕಾಸು ಬೇಡುವವರ ವಿದ್ಯೆ ಎಂಬ ಭಾವನೆ ಜನರಲ್ಲಿ ಬೇರೂರಿತ್ತು. ಕಾಶಿಯಲ್ಲಿ ದರ್ಶನಗಳನ್ನು ಓದಿ ಬಂದ ವಿದ್ವಾಂಸರು ಹಾಸನ ಜಿಲ್ಲೆಯ ಕಾಫಿತೋಟವೊಂದರಲ್ಲಿ ಆಳುಗಳ ಮೇಲ್ವಿಚಾರಕರಾಗಿ ಕೆಲಸಕ್ಕೆ ಸೇರಿದರು. ಅರ್ಧ ತೋಳಿನ ಅಂಗಿ, ಮೊಣಕಾಲವರೆಗಿನ ಚಡ್ಡಿ, ತಲೆಗೆ ಟೋಪಿ, ಕೈಯಲ್ಲಿ ಬೆತ್ತ, ಇದು ಅವರ ಅಂದಿನ ವೇಷ. ಒಂದು ಕಾಲದಲ್ಲಿ ಉಡಲು ಬಟ್ಟೆಯಿಲ್ಲದೆ ಪತ್ನಿಯ ಸೀರೆಯ ತುಂಡನ್ನು ಹರಿದು ಕೌಪೀನ ಮಾಡಿಕೊಳ್ಳಬೇಕಾಯಿತೆಂದು ಅವರ ಮನೆಯವರೇ ನೆನೆದಿದ್ದಾರೆ.

ತೋಟದ ಕೆಲಸದ ನಡುವೆಯೇ ಸುತ್ತಲ ಊರುಗಳಲ್ಲಿ ಉಪನ್ಯಾಸಗಳೂ ಆಸನ ಪ್ರದರ್ಶನಗಳೂ ನಡೆಯುತ್ತಿದ್ದುವು. 1927ರಲ್ಲಿ ಹಾಸನದಲ್ಲಿ ನಡೆದ ಇಂತಹದೊಂದು ಪ್ರದರ್ಶನವನ್ನು ಕೌಶಿಕವೆಂಬ ಸಮೀಪದ ಹಳ್ಳಿಯ ಹನ್ನೆರಡು ವರ್ಷದ ಬಾಲಕನೊಬ್ಬ ಕಣ್ಣು ಮಿಟುಕಿಸದೆ ನೋಡಿದ. ಮರುದಿನವೇ ಹೋಗಿ ಶಿಷ್ಯನಾದ. ಮುಂದೆ ಮೈಸೂರಿನ ಲಕ್ಷ್ಮೀಪುರದಿಂದ ಲೋಕಪ್ರಸಿದ್ಧರಾದ ಕೆ. ಪಟ್ಟಾಭಿ ಜೋಯಿಸರೇ ಆ ಬಾಲಕ.

ಆ ಹೊತ್ತಿಗೆ ಮೈಸೂರು ಸಂಸ್ಥಾನವನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ದೇಹದಾರ್ಢ್ಯ, ಸಂಗೀತ, ಶಾಸ್ತ್ರ, ಕೈಗಾರಿಕೆ ಎಲ್ಲಕ್ಕೂ ಆಶ್ರಯ ನೀಡಿದ ಆ ದೊರೆಗೆ ಸ್ವತಃ ಮಧುಮೇಹದ ತೊಂದರೆಯಿತ್ತು. ಕೃಷ್ಣಮಾಚಾರ್ಯರ ಕೀರ್ತಿ ಅರಮನೆಯನ್ನು ತಲುಪಿ, 1931ರಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾಗಿ ಕರೆ ಬಂತು. ಮಹಾರಾಜರಿಗೂ ಅವರೇ ಯೋಗಶಿಕ್ಷಕರಾದರು. 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗವನ್ನೇ ಬಿಟ್ಟುಕೊಟ್ಟು ಯೋಗಶಾಲೆಯನ್ನು ತೆರೆಯಲಾಯಿತು. ಅರಸು ಮನೆತನಗಳ ಹುಡುಗರೂ ಊರಿನ ಇತರ ಬಾಲಕರೂ ಅಲ್ಲಿ ಕಲಿಯತೊಡಗಿದರು. ಅದೇ ಆವರಣದಲ್ಲಿ ಬೆಂಗಳೂರಿನ ಪ್ರಖ್ಯಾತ ಅಂಗಸಾಧಕ ಕೆ.ವಿ. ಅಯ್ಯರರ ಶಿಷ್ಯರೊಬ್ಬರು ದೇಹದಾರ್ಢ್ಯದ ತರಗತಿ ನಡೆಸುತ್ತಿದ್ದರು. ಒಂದೆಡೆ ಸೂರ್ಯನಮಸ್ಕಾರ, ಭಾರ ಎತ್ತುವಿಕೆ. ಮತ್ತೊಂದೆಡೆ ಆಸನ, ಪ್ರಾಣಾಯಾಮ. ಒಂದೇ ಅರಮನೆಯ ಆಶ್ರಯದಲ್ಲಿ ದೇಹವನ್ನು ಕುರಿತ ಎರಡು ಚಿಂತನೆಗಳು ನೆರೆಹೊರೆಯಾಗಿ ನಡೆದುವು.

ಈ ನೆರೆಹೊರೆಯ ಸಂಬಂಧ ಮುಂದೆ ವಿದ್ವಾಂಸರ ಚರ್ಚೆಗೆ ವಸ್ತುವಾಯಿತು. ಕೃಷ್ಣಮಾಚಾರ್ಯರು ಕಲಿಸಿದ ಆಸನಕ್ರಮದಲ್ಲಿ ಒಂದು ಆಸನದಿಂದ ಇನ್ನೊಂದಕ್ಕೆ ಹೋಗುವಾಗ ಕೈಗಳ ಮೇಲೆ ದೇಹವನ್ನು ಹೊತ್ತು, ನೆಲಕ್ಕೆ ಸಮಾನಾಂತರವಾಗಿ ಇಳಿದು, ಎದೆಯನ್ನು ಮೇಲೆತ್ತುವ ಚಲನೆಯಿದೆ. ಗರಡಿಯ ದಂಡ ಹೊಡೆದವನಿಗೆ ಇದು ಅಪರಿಚಿತವೆನಿಸದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವ ಸಾಧನೆಗಳೂ ದಂಡದ ಬಗೆಗಳೂ ಅವುಗಳಲ್ಲಿ ಸೇರಿವೆ. ಕೆನಡಾದ ಸಂಸ್ಕೃತ ವಿದ್ವಾಂಸರೊಬ್ಬರು 1996ರಲ್ಲಿ ಈ ಚಿತ್ರಗಳನ್ನು ಪ್ರಕಟಿಸಿ, ಮೈಸೂರಿನ ಯೋಗಪರಂಪರೆಯಲ್ಲಿ ಅರಮನೆಯ ವ್ಯಾಯಾಮಪದ್ಧತಿಯ ಅಂಶಗಳು ಬೆರೆತಿವೆಯೆಂದು ವಾದಿಸಿದರು. ಕೃಷ್ಣಮಾಚಾರ್ಯರು ಮಾತ್ರ ತಮ್ಮ ಕ್ರಮಕ್ಕೆ ಗುರುವಿನಿಂದ ಕಲಿತ ಯೋಗಕೊರುಂಟವೆಂಬ ಗ್ರಂಥವೇ ಆಧಾರವೆನ್ನುತ್ತಿದ್ದರು. ಆ ಗ್ರಂಥದ ಪ್ರತಿ ಯಾರಿಗೂ ದೊರೆತಿಲ್ಲ. ಗರಡಿಯಿಂದಲೋ ಗುಹೆಯಿಂದಲೋ ಎಂಬ ಈ ವಾದದಲ್ಲಿ ಒಂದು ಸಂಗತಿ ಮರೆಯಾಗಬಾರದು. ಕನ್ನಡ ನಾಡಿನ ಹುಡುಗರ ತೋಳು ಭುಜಗಳಿಗೆ ದಂಡದ ರೂಢಿ ಮೊದಲೇ ಇತ್ತು. ಆ ರೂಢಿಯನ್ನು ಬಿಡಿಸದೆ ಅದಕ್ಕೆ ಉಸಿರಿನ ಕಡಿವಾಣ ಹಾಕಿದ್ದರೆ ಅದರಿಂದ ಆ ಆಚಾರ್ಯರ ಪ್ರತಿಭೆಯೇನೂ ಕುಗ್ಗುವುದಿಲ್ಲ.

ಉಸಿರೇ ಅವರ ಪದ್ಧತಿಯ ಜೀವಾಳ. ದಂಡ ಹೊಡೆಯುವವನು ಎಣಿಕೆಯನ್ನು ನೋಡುತ್ತಾನೆ. ನೂರಾಯಿತು, ಇನ್ನೂರಾಯಿತು ಎನ್ನುತ್ತಾನೆ. ಕೃಷ್ಣಮಾಚಾರ್ಯರ ಶಿಷ್ಯನು ಉಸಿರನ್ನು ನೋಡಬೇಕಾಗಿತ್ತು. ತೋಳು ಮೇಲೇರುವಾಗ, ಎದೆ ಅರಳುವಾಗ ಉಸಿರು ಒಳಕ್ಕೆ. ಮುಂದಕ್ಕೆ ಬಾಗುವಾಗ, ಹೊಟ್ಟೆ ಒತ್ತುವಾಗ ಉಸಿರು ಹೊರಕ್ಕೆ. ಗಂಟಲನ್ನು ತುಸು ಕಿರಿದುಮಾಡಿ ಸಣ್ಣ ಸದ್ದಿನೊಡನೆ ಉಸಿರಾಡುವುದರಿಂದ ಅದರ ವೇಗ ತಾನಾಗಿಯೇ ತಗ್ಗುತ್ತದೆ, ಮತ್ತು ಉಸಿರು ಒರಟಾದೊಡನೆ ಸಾಧಕನ ಕಿವಿಗೇ ಅದು ತಿಳಿಯುತ್ತದೆ. ಉಸಿರು ಕಟ್ಟಿತೆಂದರೆ, ಏದುಸಿರು ಬಂದಿತೆಂದರೆ, ದೇಹ ತನ್ನ ಶಕ್ತಿಯನ್ನು ಮೀರಿದೆ ಎಂದರ್ಥ; ಅಲ್ಲಿಗೆ ನಿಲ್ಲಿಸಬೇಕು. ದೀರ್ಘವಾಗಿ ಉಸಿರು ಬಿಡುವಾಗ ಹೃದಯದ ಬಡಿತ ಮಂದವಾಗುತ್ತದೆಂಬುದನ್ನು ಇಂದಿನ ಶರೀರಶಾಸ್ತ್ರವೂ ಒಪ್ಪುತ್ತದೆ. ಹೀಗೆ ಚಲನೆಗೂ ಉಸಿರಿಗೂ ಗಂಟುಹಾಕಿದ ಕ್ರಮಕ್ಕೆ ಅವರು ವಿನ್ಯಾಸವೆಂದು ಹೆಸರಿಟ್ಟರು. ಪ್ರತಿಯೊಂದು ಕಠಿನ ಆಸನಕ್ಕೂ ಅದರ ಒತ್ತಡವನ್ನು ಇಳಿಸುವ ಪ್ರತಿಕ್ರಿಯೆಯ ಆಸನ ಇರಬೇಕು; ಶೀರ್ಷಾಸನವಾದ ಮೇಲೆ ಸರ್ವಾಂಗಾಸನ ಬೇಕು; ಮೇಲೆ ಏರಿದವನು ಇಳಿಯುವ ದಾರಿಯನ್ನೂ ತಿಳಿದಿರಬೇಕು. ಆಹಾರದಲ್ಲಿ ಹಠಯೋಗ ಗ್ರಂಥಗಳು ಹೇಳುವ ಮಿತಿಯನ್ನೇ ಅವರು ಪಾಲಿಸಿದರು. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಭಾಗ ವಾಯುಸಂಚಾರಕ್ಕೆ.

ಈ ವಿಚಾರಗಳನ್ನೆಲ್ಲ ಅಡಕಮಾಡಿ ಅವರು ಬರೆದ ಯೋಗಮಕರಂದವು 1934ರಲ್ಲಿ ಪ್ರಕಟವಾಯಿತು. ಮಹಾರಾಜರ ಒತ್ತಾಯದ ಮೇರೆಗೆ ಕೆಲವೇ ದಿನಗಳಲ್ಲಿ ಬರೆದು ಮುಗಿಸಿದ ಗ್ರಂಥವದು. ಇಂದು ಜಗತ್ತಿನ ನಾನಾ ಭಾಷೆಗಳಲ್ಲಿ ಓದಲ್ಪಡುವ ಈ ಗ್ರಂಥ ಮೊದಲು ಬೆಳಕು ಕಂಡದ್ದು ಕನ್ನಡದಲ್ಲಿ ಎಂಬುದನ್ನು ಕನ್ನಡಿಗರೇ ಮರೆತಂತಿದೆ. 1941ರಲ್ಲಿ ಬಂದ ಯೋಗಾಸನಗಳು ಎಂಬ ಇನ್ನೊಂದು ಗ್ರಂಥವೂ ಕನ್ನಡದ್ದೇ. ಆಸನಗಳನ್ನು ಆರಂಭದವರಿಗೆ, ನಡುವಣವರಿಗೆ, ಪರಿಣತರಿಗೆ ಎಂದು ಮೂರು ಗುಂಪಾಗಿ ವಿಂಗಡಿಸಿದ ಪಟ್ಟಿಗಳು ಅದರಲ್ಲಿವೆ.

ಯೋಗಶಾಲೆಯ ಆ ವರ್ಷಗಳಲ್ಲಿ ಆಚಾರ್ಯರು ಅತಿ ಕಠಿನರಾಗಿದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಗಿಡ್ಡನೆಯ, ಉಕ್ಕಿನಂತಹ ಮೈಕಟ್ಟು. ಹಣೆಯಲ್ಲಿ ಎದ್ದು ಕಾಣುವ ನಾಮ. ಎದುರಿಗಿದ್ದವರು ತಲೆಯೆತ್ತಲಾಗದ ದೃಷ್ಟಿ. ಮೈಸೂರಿನ ಬೀದಿಯಲ್ಲಿ ಅವರು ಬರುವುದನ್ನು ಕಂಡು ಹುಡುಗರು ಇನ್ನೊಂದು ಬದಿಗೆ ಸರಿಯುತ್ತಿದ್ದರೆಂದು ಶಿಷ್ಯರು ಬರೆದಿದ್ದಾರೆ. ಆ ಕಾಠಿನ್ಯವನ್ನು ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದವರು ಅವರ ಮೈದುನರಾದ ಬಿ.ಕೆ.ಎಸ್. ಅಯ್ಯಂಗಾರರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಆ ಹುಡುಗ ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಬಳಲಿ, ಎಲುಬಿನ ಹಂದರವಾಗಿ 1934ರಲ್ಲಿ ಅಕ್ಕನ ಮನೆಗೆ ಬಂದ. ಇವನಿಂದ ಏನೂ ಸಾಗದೆಂದು ಭಾವನವರು ಮೊದಲು ಅವನತ್ತ ಗಮನವನ್ನೇ ಹರಿಸಲಿಲ್ಲ. ಗಿಡಗಳಿಗೆ ನೀರೆರೆಯುವುದೇ ಮುಂತಾದ ಮನೆಗೆಲಸ ಅವನ ಪಾಲಿಗೆ ಬಂತು. ಪ್ರದರ್ಶನಕ್ಕೆ ಸಿದ್ಧನಾಗಿದ್ದ ಶಿಷ್ಯನೊಬ್ಬ ಹೇಳದೆ ಕೇಳದೆ ಹೊರಟುಹೋದಾಗ ಮಾತ್ರ ಈ ದುರ್ಬಲ ಹುಡುಗನ ಸರದಿ ಬಂದಿತು. ಕೆಲವೇ ದಿನಗಳಲ್ಲಿ ಹತ್ತಾರು ಕಷ್ಟದ ಆಸನಗಳನ್ನು ಅವನ ಮೈಯಲ್ಲಿ ಬಲವಂತವಾಗಿ ಇಳಿಸಲಾಯಿತು. ಒಮ್ಮೆ ಸಭೆಯೊಂದರಲ್ಲಿ, ಹಿಂದೆ ಕಲಿಯದಿದ್ದ ಹನುಮಾನಾಸನವನ್ನು ಮಾಡೆಂದು ಅಪ್ಪಣೆಯಾಯಿತು. ಎರಡು ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ನೀಳವಾಗಿ ಚಾಚಿ ನೆಲಕ್ಕೆ ಕೂರುವ ಆಸನವದು. ಮಾಡಿದ; ತೊಡೆಯ ಹಿಂಭಾಗದ ಸ್ನಾಯುಗಳು ಹರಿದು ಬಹುಕಾಲ ನಡೆಯಲಾಗದೆ ನರಳಿದ. ಗುರುಭಕ್ತಿಯ ಹೆಸರಿನಲ್ಲಿ ಇಂತಹ ಪ್ರಸಂಗಗಳನ್ನು ಹೊಗಳುವುದು ಸಲ್ಲದು. ಎಳೆಯ ದೇಹವನ್ನು ಸಭೆಯ ಚಪ್ಪಾಳೆಗಾಗಿ ಬಗ್ಗಿಸುವುದು ಯಾವ ಶಾಲೆಗೂ ಆದರ್ಶವಾಗಲಾರದು. ಅದೇ ಅಯ್ಯಂಗಾರರು ಮುಂದೆ ಹಗ್ಗ, ಮರದ ದಿಮ್ಮಿ, ಕುರ್ಚಿ, ದಿಂಬುಗಳ ಆಸರೆಯಿಂದ ದುರ್ಬಲರಿಗೂ ಆಸನ ಸಾಧ್ಯವಾಗುವಂತೆ ಮಾಡಿದರು. ತಾವು ಪಟ್ಟ ನೋವನ್ನು ಅವರು ಮರೆತಿರಲಿಲ್ಲ.

ಪ್ರದರ್ಶನಗಳಿಗೂ ಒಂದು ಕಾರಣವಿತ್ತು. ಜನರ ಕಣ್ಣು ತೆರೆಸದೆ ಯೋಗಕ್ಕೆ ಆಶ್ರಯ ದೊರೆಯುವಂತಿರಲಿಲ್ಲ. ಮಹಾರಾಜರ ಪ್ರೋತ್ಸಾಹದಿಂದ ಆಚಾರ್ಯರು ಶಿಷ್ಯರ ತಂಡದೊಡನೆ ದೇಶದ ಹಲವೆಡೆ ಸಂಚರಿಸಿದರು. ಬರಿಗೈಯಲ್ಲಿ ಕಾರನ್ನು ತಡೆದು ನಿಲ್ಲಿಸುವುದು, ಹಲ್ಲಿನಿಂದ ಭಾರ ಎತ್ತುವುದು, ನಾಡಿಯ ಬಡಿತವನ್ನು ಅಡಗಿಸುವುದು, ಇವೆಲ್ಲ ಆ ಸಭೆಗಳಲ್ಲಿ ನಡೆಯುತ್ತಿದ್ದುವು. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ತೆರೇಸ್ ಬ್ರಾಸ್ ಭಾರತಕ್ಕೆ ಬಂದು ವಿದ್ಯುತ್ ಯಂತ್ರದಿಂದ ಅವರ ಹೃದಯಗತಿಯನ್ನು ದಾಖಲಿಸಿದರು. ಹೃದಯವೇ ನಿಂತಿತೆಂಬ ಸುದ್ದಿ ಹರಡಿತು. ಆದರೆ 1950ರ ದಶಕದಲ್ಲಿ ಅಮೆರಿಕದ ಮತ್ತು ಭಾರತದ ವಿಜ್ಞಾನಿಗಳು ಇಂತಹ ಸಾಧಕರನ್ನು ಮತ್ತೆ ಪರೀಕ್ಷಿಸಿದಾಗ, ಹೃದಯ ನಿಲ್ಲುವುದಿಲ್ಲವೆಂದು ಕಂಡುಬಂತು. ಉಸಿರನ್ನು ತಡೆದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಲವಾಗಿ ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ನಾಡಿ ಕೈಗೆ ಸಿಗದಷ್ಟು ಕ್ಷೀಣಿಸುತ್ತದೆ. ಬಡಿತ ಮಾತ್ರ ಒಳಗೆ ನಡೆದೇ ಇರುತ್ತದೆ. ಸ್ವತಃ ಕೃಷ್ಣಮಾಚಾರ್ಯರೇ ಈ ವಿದ್ಯೆಗೆ ಹೆಚ್ಚಿನ ಬೆಲೆ ಕೊಡಲಿಲ್ಲ. ಮಗನು ಅದನ್ನು ಕಲಿಸೆಂದು ಕೇಳಿದಾಗ, ಅದರಿಂದ ಬೆಳೆಯುವುದು ಅಹಂಕಾರವೇ ಹೊರತು ಸಮಾಜಕ್ಕೆ ಪ್ರಯೋಜನವಿಲ್ಲವೆಂದು ನಿರಾಕರಿಸಿಬಿಟ್ಟರು.

1936ರ ಉತ್ತರ ಕರ್ನಾಟಕದ ಸಂಚಾರ ಬೇರೊಂದು ಕಾರಣಕ್ಕಾಗಿ ಸ್ಮರಣೀಯ. ಧಾರವಾಡದಲ್ಲಿ ಪ್ರದರ್ಶನ ಕಂಡ ಕೆಲವು ಮಹಿಳೆಯರು ತಾವೂ ಕಲಿಯಬೇಕೆಂದು ಮುಂದೆ ಬಂದರು. ಆ ದಿನಗಳಲ್ಲಿ ಗಂಡಸರು ಹೆಂಗಸರಿಗೆ ಅಂಗಸಾಧನೆ ಕಲಿಸುವುದೆಂದರೆ ಮುಜುಗರದ ಸಂಗತಿ. ತಂಡದಲ್ಲಿ ಎಲ್ಲರಿಗಿಂತ ಕಿರಿಯನೆಂಬ ಕಾರಣಕ್ಕೆ ಆ ಕೆಲಸ ಹುಡುಗ ಅಯ್ಯಂಗಾರರ ಪಾಲಿಗೆ ಬಂದಿತು. ಅವರ ಅಧ್ಯಾಪನ ಆರಂಭವಾದದ್ದು ಹಾಗೆ. ಬೆಳಗಾವಿಯಲ್ಲಿ ಸಿವಿಲ್ ಸರ್ಜನರಾಗಿದ್ದ ಡಾ. ವಿ.ಬಿ. ಗೋಖಲೆಯವರು ಆ ಸಂಚಾರದಲ್ಲಿ ಕಂಡ ಸಾಧನೆಗೆ ಮಾರುಹೋಗಿ, ಮರುವರ್ಷ ಪುಣೆಯಲ್ಲಿ ಕಲಿಸಲು ಒಬ್ಬರನ್ನು ಕಳುಹಿಸಿರೆಂದು ಕೇಳಿದರು. ಅಲ್ಪಸ್ವಲ್ಪ ಇಂಗ್ಲಿಷು ಬಲ್ಲ ಅಯ್ಯಂಗಾರರನ್ನು 1937ರಲ್ಲಿ ಪುಣೆಗೆ ಕಳುಹಿಸಲಾಯಿತು.

ಹೆಂಗಸರ ವಿಷಯದಲ್ಲಿ ಕೃಷ್ಣಮಾಚಾರ್ಯರ ಮನಸ್ಸು ನಿಧಾನವಾಗಿ ತೆರೆದುಕೊಂಡಿತು. ಮನೆಯಲ್ಲಿ ಪತ್ನಿ ನಾಮಗಿರಿಯಮ್ಮನವರೂ ಹೆಣ್ಣುಮಕ್ಕಳೂ ಆಸನಗಳನ್ನು ಬಲ್ಲವರಾಗಿದ್ದರು. 1938ರಲ್ಲಿ ತೆಗೆದ ಮೂಕ ಚಲನಚಿತ್ರವೊಂದರಲ್ಲಿ ಅವರ ಸಾಧನೆಯೂ ಸೇರಿದೆ. ಆದರೆ ಅದೇ ಹೊತ್ತಿನಲ್ಲಿ ರೀಗಾ ನಗರದಲ್ಲಿ ಹುಟ್ಟಿದ, ಜೆಕೊಸ್ಲೊವಾಕಿಯಾದ ರಾಜತಂತ್ರಜ್ಞರೊಬ್ಬರ ಪತ್ನಿಯಾಗಿದ್ದ ಯುರೋಪಿನ ಮಹಿಳೆಯೊಬ್ಬರು ಶಿಷ್ಯತ್ವ ಬೇಡಿದಾಗ ಅವರು ಖಡಾಖಂಡಿತವಾಗಿ ಒಲ್ಲೆನೆಂದರು. ಮಹಾರಾಜರು ನಡುವೆ ಬಂದು ಹೇಳಿದ ಮೇಲೆ ಒಪ್ಪಿದರೂ, ತಾನಾಗಿಯೇ ಬಿಟ್ಟುಹೋಗಲೆಂದು ಕಟ್ಟುನಿಟ್ಟಾದ ಆಹಾರ ಮತ್ತು ದಿನಚರಿಯ ನಿಯಮಗಳನ್ನು ಹೇರಿದರು. ಆಕೆ ಬಿಟ್ಟುಹೋಗಲಿಲ್ಲ. ಕೊನೆಗೆ ಆಚಾರ್ಯರೇ ಸೋತು, ಆಕೆಯನ್ನು ಬಳಿಗೆ ಕೂರಿಸಿಕೊಂಡು ಪ್ರಾಣಾಯಾಮ ಕಲಿಸಿ, ಹೋದ ಕಡೆಯಲ್ಲೆಲ್ಲ ಇದನ್ನು ಕಲಿಸಬೇಕೆಂದು ಆಜ್ಞಾಪಿಸಿದರು. ಇಂದ್ರಾದೇವಿಯೆಂಬ ಹೆಸರಿನಿಂದ ಆಕೆ ಶಾಂಘೈ ನಗರದಲ್ಲಿಯೂ 1947ರ ಬಳಿಕ ಅಮೆರಿಕದಲ್ಲಿಯೂ ಯೋಗವನ್ನು ಕಲಿಸಿ, 102 ವರ್ಷ ಬದುಕಿ 2002ರಲ್ಲಿ ತೀರಿಕೊಂಡರು.

1940ರ ಆಗಸ್ಟ್ 3ರಂದು ನಾಲ್ವಡಿಯವರು ಕಾಲವಾದರು. ಅಲ್ಲಿಂದ ಯೋಗಶಾಲೆಯ ದಿನಗಳು ಇಳಿಮುಖವಾದುವು. ಹೊಸ ಅರಸರಾದ ಜಯಚಾಮರಾಜ ಒಡೆಯರ ಒಲವು ಸಂಗೀತ ಮತ್ತು ತತ್ತ್ವಶಾಸ್ತ್ರಗಳ ಕಡೆಗೆ ಹೆಚ್ಚಾಗಿತ್ತು. ಸ್ವಾತಂತ್ರ್ಯ ಬಂದು ಸಂಸ್ಥಾನದ ಆಡಳಿತ ಜನಪ್ರತಿನಿಧಿಗಳ ಕೈಗೆ ಹೋದ ಮೇಲೆ ಅರಮನೆಯ ಆಶ್ರಯದ ಸಂಸ್ಥೆಗಳಿಗೆ ಖರ್ಚು ಒದಗಿಸುವವರಿಲ್ಲವಾಯಿತು. ವಿದ್ಯಾರ್ಥಿಗಳ ಸಂಖ್ಯೆ ಕುಗ್ಗಿತು. 1950ರಲ್ಲಿ ಯೋಗಶಾಲೆಯ ಬಾಗಿಲು ಮುಚ್ಚಿತು. ಅರವತ್ತು ದಾಟಿದ ಆಚಾರ್ಯರು ದೊಡ್ಡ ಸಂಸಾರವನ್ನು ಕಟ್ಟಿಕೊಂಡು ಮತ್ತೊಮ್ಮೆ ಬೀದಿಗೆ ಬಿದ್ದಂತಾದರು. ಯಾವ ಊರು ಯೋಗಮಕರಂದವನ್ನು ಬರೆಸಿತೋ ಆ ಊರಿನಲ್ಲಿಯೇ ಅದರ ಕರ್ತೃವಿಗೆ ಜೀವನೋಪಾಯವಿಲ್ಲವಾಯಿತು. ಕನ್ನಡ ನಾಡಿನ ಪಾಲಿಗೆ ಇದೊಂದು ನಷ್ಟ; ಅದನ್ನು ಯಾರೂ ಅಂದು ನಷ್ಟವೆಂದು ಎಣಿಸಿದಂತಿಲ್ಲ.

ಬೆಂಗಳೂರಿನಲ್ಲಿ ಕೆಲಕಾಲವಿದ್ದು, ಪಾರ್ಶ್ವವಾಯುವಿಗೆ ತುತ್ತಾಗಿದ್ದ ಪ್ರಸಿದ್ಧ ನ್ಯಾಯವಾದಿಯೊಬ್ಬರ ಚಿಕಿತ್ಸೆಗೆಂದು 1952ರಲ್ಲಿ ಅವರು ಮದರಾಸಿಗೆ ಹೋದರು. ಹೋದವರು ಅಲ್ಲಿಯೇ ನೆಲೆಸಿದರು. ವಿವೇಕಾನಂದ ಕಾಲೇಜಿನಲ್ಲಿ ಪಾಠ ಹೇಳಿದರು. ಇಲ್ಲಿಂದ ಮುಂದೆ ಕಾಣುವುದು ಬೇರೆಯೇ ಕೃಷ್ಣಮಾಚಾರ್ಯರನ್ನು. ಅರಮನೆಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಗದರಿಸುತ್ತಿದ್ದ ಗುರುವಿನ ಬಳಿಗೆ ಈಗ ಬರುತ್ತಿದ್ದವರು ಸಂಧಿವಾತದವರು, ಉಬ್ಬಸದವರು, ನಿದ್ದೆ ಬಾರದವರು, ಬಸುರಿಯರು, ಕಾಲಾಡದ ಮಕ್ಕಳು. ಇವರಿಗೆ ಸಾಲುಪಾಠ ನಡೆಯದು. ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ನಾಡಿ ಹಿಡಿದು, ಮೈಬಣ್ಣ, ಉಸಿರಿನ ಗತಿ, ದಿನಚರಿ, ಊಟ, ಕಸುಬುಗಳನ್ನೆಲ್ಲ ವಿಚಾರಿಸಿ, ಅವರವರಿಗೆ ಮಾತ್ರ ಹೊಂದುವ ಸಾಧನೆಯನ್ನು ರಚಿಸಿಕೊಡತೊಡಗಿದರು. ಕೆಲವರಿಗೆ ಮಲಗಿದ್ದಲ್ಲಿಯೇ ಉಸಿರಿನೊಡನೆ ಕೈಯೆತ್ತಿ ಇಳಿಸುವುದಷ್ಟೇ ಪಾಠ. ಆಯುರ್ವೇದದ ಎಣ್ಣೆ, ಕಷಾಯ, ಪಥ್ಯಗಳೂ ಜೊತೆಗೂಡುತ್ತಿದ್ದುವು.

ವಯಸ್ಸಿನೊಡನೆ ಸಾಧನೆ ಬದಲಾಗಬೇಕೆಂಬ ಅವರ ವಿಚಾರ ಪಕ್ವವಾದದ್ದು ಈ ವರ್ಷಗಳಲ್ಲಿಯೇ. ಬೆಳೆಯುವ ಮಕ್ಕಳಿಗೆ ಸೃಷ್ಟಿಕ್ರಮ. ಅವರ ಚಂಚಲ ಮನಸ್ಸು ಬೇಸರಗೊಳ್ಳದಂತೆ ನೆಗೆತ, ತಿರುವು, ವೇಗದ ವಿನ್ಯಾಸಗಳು ಹೇರಳವಾಗಿರಬೇಕು. ಸಂಸಾರದ ಹೊಣೆ ಹೊತ್ತ ನಡುವಯಸ್ಸಿನವರಿಗೆ ಸ್ಥಿತಿಕ್ರಮ. ಬಿಡುವು ಕಡಿಮೆ, ದಣಿವು ಹೆಚ್ಚು, ಆದುದರಿಂದ ಕೆಲವೇ ಆಸನಗಳು ಸಾಕು, ಪ್ರಾಣಾಯಾಮಕ್ಕೆ ಹೆಚ್ಚು ಹೊತ್ತು ಬೇಕು. ಗುರಿಯೆಂದರೆ ಇರುವ ಆರೋಗ್ಯವನ್ನು ಕಾಪಾಡಿಕೊಳ್ಳುವುದು. ಇಳಿವಯಸ್ಸಿನಲ್ಲಿ ದೇಹದ ಸಾಧನೆಯನ್ನು ಇನ್ನೂ ತಗ್ಗಿಸಿ ಧ್ಯಾನ ಜಪಗಳಿಗೆ ತೆರವು ಮಾಡಿಕೊಡಬೇಕು. ಮೈಸೂರಿನಲ್ಲಿ ಅವರು ಬಾಲಕರಿಗೆ ಕಲಿಸಿದ್ದು ಈ ಮೊದಲನೆಯದನ್ನು. ಅದನ್ನೇ ಅರವತ್ತರ ವೃದ್ಧರೂ ಮಾಡಬೇಕೆಂದು ಅವರು ಹೇಳಲಿಲ್ಲ. ಅವರ ಶಿಷ್ಯರೆಂದು ಹೇಳಿಕೊಳ್ಳುವ ಪದ್ಧತಿಗಳು ಒಂದನ್ನೊಂದು ಹೋಲದಿರುವುದಕ್ಕೂ ಇದೇ ಕಾರಣ. ಬಲಿಷ್ಠನಾದ ಬಾಲಕ ಜೋಯಿಸರು ಕಂಡ ಗುರು ಒಬ್ಬರು, ರೋಗಪೀಡಿತನಾದ ಅಯ್ಯಂಗಾರರು ಕಂಡವರು ಇನ್ನೊಬ್ಬರು, ಮದರಾಸಿನ ಮುಪ್ಪಿನಲ್ಲಿ ಮಗ ಕಂಡವರು ಮತ್ತೊಬ್ಬರು.

ಆ ಮಗ ಟಿ.ಕೆ.ವಿ. ದೇಶಿಕಾಚಾರ್ ಎಂಜಿನಿಯರಿಂಗ್ ಓದಿ ಉದ್ಯೋಗಕ್ಕೆ ಹೊರಟಿದ್ದವರು. ಅನೇಕ ದಿನಗಳಿಂದ ನಿದ್ದೆಯಿಲ್ಲದೆ ಬಳಲಿದ್ದ ವಿದೇಶೀ ಮಹಿಳೆಯೊಬ್ಬರು ಒಂದು ದಿನ ಕಾರಿನಿಂದಿಳಿದು ಓಡಿಬಂದು, ರಾತ್ರಿ ಔಷಧವಿಲ್ಲದೆ ಮಲಗಿದೆನೆಂಬ ಸಂತೋಷದಲ್ಲಿ, ಅಂತಹ ಸಂಪ್ರದಾಯಸ್ಥ ವೃದ್ಧರನ್ನು ಬೀದಿಯಲ್ಲಿಯೇ ಆಲಿಂಗಿಸಿದ್ದನ್ನು ಕಂಡು ಅವರು ದಂಗಾದರು. ತಂದೆಯಲ್ಲಿ ಏನಿದೆಯೆಂಬುದನ್ನು ಮನೆಯವನಾದ ತಾನೇ ಅರಿತಿಲ್ಲವೆಂದು ಆಗ ಹೊಳೆಯಿತು. ಉದ್ಯೋಗದ ಆಸೆ ಬಿಟ್ಟು ಶಿಷ್ಯನಾಗಲು ಬಂದ ಮಗನನ್ನು ತಂದೆ ಬೆಳಗಿನ ಜಾವ ಮೂರೂವರೆಗೆ ಪಾಠಕ್ಕೆ ಬರಹೇಳಿ ಮೊದಲು ಪರೀಕ್ಷಿಸಿದರು. ಪಾಠ ಮೂರು ದಶಕಗಳಷ್ಟು ಕಾಲ ನಡೆಯಿತು. 1976ರಲ್ಲಿ ದೇಶಿಕಾಚಾರ್ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗಮಂದಿರವನ್ನು ಸ್ಥಾಪಿಸಿದರು. 2016ರಲ್ಲಿ ಅವರೂ ತೀರಿಕೊಂಡರು.

ತೊಂಬತ್ತು ದಾಟಿದ ಮೇಲೆಯೂ ಕೃಷ್ಣಮಾಚಾರ್ಯರು ನಸುಕಿನಲ್ಲಿ ತಾವೇ ಎದ್ದು, ಆಸನ ಪ್ರಾಣಾಯಾಮಗಳನ್ನು ಮುಗಿಸಿ, ಪೂಜೆಗೆ ಕೂರುತ್ತಿದ್ದರು. ಅಡುಗೆಯನ್ನೂ ತಾವೇ ಮಾಡಿಕೊಳ್ಳುವ ಹಟ. 96ನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆ ವಯಸ್ಸಿನಲ್ಲಿ ಈ ಪೆಟ್ಟು ಬಿದ್ದವರು ಚೇತರಿಸಿಕೊಳ್ಳುವುದು ವಿರಳ. ಹಾಸಿಗೆ ಹಿಡಿದ ಮೇಲೆ ಶ್ವಾಸಕೋಶದಲ್ಲಿ ಕಫ ಕಟ್ಟಿಯೋ ಸ್ನಾಯುಗಳು ಸೊರಗಿಯೋ ಪ್ರಾಣಕ್ಕೆ ಕುತ್ತು ಬರುವುದೇ ಹೆಚ್ಚು. ಶಸ್ತ್ರಚಿಕಿತ್ಸೆಯನ್ನು ಅವರು ಒಪ್ಪಲಿಲ್ಲ. ಇತರರಿಗೆ ಅದು ಮಾದರಿಯಾಗಬೇಕಾದ ನಿರ್ಧಾರವೇನಲ್ಲ. ಇಂದಿನ ವೈದ್ಯರು ಸಾಧ್ಯವಿದ್ದಲ್ಲೆಲ್ಲ ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೇ ಹೇಳುತ್ತಾರೆ. ಅವರು ಮಾತ್ರ ಅರವತ್ತು ವರ್ಷ ಪರರಿಗೆ ರಚಿಸಿಕೊಟ್ಟಂತೆ ಈಗ ತಮಗೇ ಒಂದು ಸಾಧನಾಕ್ರಮವನ್ನು ರಚಿಸಿಕೊಂಡರು. ಮಲಗಿದ್ದಲ್ಲಿಯೇ ಉಸಿರಿನೊಡನೆ ತೋಳುಗಳ ಚಲನೆ, ಪೆಟ್ಟಾಗದ ಕಾಲಿನ ಚಲನೆ, ದೀರ್ಘ ರೇಚಕ, ವೇದಘೋಷ. ಘೋಷದ ಧ್ವನಿ ಕೊಠಡಿಯಾಚೆಗೂ ಕೇಳುತ್ತಿತ್ತು. ಪಾಠ ಕೇಳಲು ಬಂದವರಿಗೆ ಹಾಸಿಗೆಯ ಮೇಲಿಂದಲೇ ಪಾಠ ನಡೆಯಿತು.

1988ರ ನವೆಂಬರಿನಲ್ಲಿ ನೂರು ವರ್ಷ ತುಂಬಿದಾಗ ಶಿಷ್ಯರು ಮದರಾಸಿನಲ್ಲಿ ಶತಮಾನೋತ್ಸವವನ್ನು ನೆರವೇರಿಸಿದರು. ಮೂರು ತಿಂಗಳು ಕಳೆದು, 1989ರ ಫೆಬ್ರವರಿ 28ರಂದು ಕೃಷ್ಣಮಾಚಾರ್ಯರು ದೇಹವನ್ನು ಬಿಟ್ಟರು. ತೀರಿಕೊಳ್ಳುವ ಕೆಲವೇ ದಿನಗಳ ಹಿಂದಿನವರೆಗೂ ಅವರ ಬುದ್ಧಿ ಮಂಕಾಗಿರಲಿಲ್ಲ, ಜಪವೂ ತಪ್ಪಿರಲಿಲ್ಲ.